ಕಲ್ಲಿನಲ್ಲಿ ಕಂಡರಿಸಿದ ಜಾಹೀರಾತು

ಒಂದು ಹಾಡು ಮುಗಿದು ಇನ್ನೊಂದು ಮೊದಲಾಗುವುದರೊಳಗೆ, ಸಾಬೂನನ್ನೋ ಸೀರೆಯನ್ನೋ ಕೊಳ್ಳಿರೆಂದು ಮಧುರ ಕಂಠವೊಂದು ಬಾನುಲಿಯಲ್ಲಿ ಹೇಳುವುದನ್ನು ತಾವು ಕೇಳಿಯೇ ಇದ್ದೀರಿ. ವಿವಿಧಭಾರತಿಯಲ್ಲಿ ಜಾಹೀರಾತುಗಳು ಮೊದಲಾದುದು 1967ರಲ್ಲಿ. ಅದಕ್ಕೆ ಬಹು ಮುಂಚೆಯೇ ವೃತ್ತಪತ್ರಿಕೆಗಳಲ್ಲಿ ಅವು ಬರುತ್ತಿದ್ದವು. ಹೀಗಾಗಿ, ಕೊಳ್ಳುವವರ ಮನವೊಲಿಸುವ ಬರವಣಿಗೆಯು ಅಚ್ಚಿನ ಯಂತ್ರದೊಡನೆ ಹುಟ್ಟಿದ ಕೂಸೆಂದು ಭಾವಿಸುವುದು ವಾಡಿಕೆ. ಈ ಭಾವನೆ ಸರಿಯಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಕಲ್ಲು ಸಾಕ್ಷಿಯಾಗಿದೆ.

ಮಾಳವದ ದಶಪುರವೆಂಬ ಪಟ್ಟಣಕ್ಕೆ ಇಂದಿನ ಹೆಸರು ಮಂದಸೋರ್. ಅದು ಮಧ್ಯಪ್ರದೇಶದಲ್ಲಿದೆ. ಅಲ್ಲಿ ಶಿವನಾ ನದಿಗೆ ಇಳಿಯುವ ಮೆಟ್ಟಿಲುಗಳ ಗೋಡೆಯಲ್ಲಿ ಸೇರಿಹೋಗಿದ್ದ ಈ ಶಿಲಾಲೇಖವನ್ನು 1888ರಲ್ಲಿ ಗುಪ್ತರ ಶಾಸನಗಳ ಸಂಪುಟದಲ್ಲಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ನಮ್ಮ ನಾಡಿನ ಶಾಸನಗಳನ್ನು ಓದಿ, ಕನ್ನಡ ಲಾವಣಿಗಳನ್ನೂ ಸಂಗ್ರಹಿಸಿದ ಅದೇ ಫ್ಲೀಟರು. ಶಾಸನದಲ್ಲಿ 44 ಸಂಸ್ಕೃತ ಪದ್ಯಗಳಿವೆ. ಕವಿಯ ಹೆಸರು ವತ್ಸಭಟ್ಟಿ.

ಬರೆಯಿಸಿದವರು ಅರಸರಲ್ಲ, ರೇಷ್ಮೆ ನೇಯುವವರು. ಇವರ ಮೂಲಸ್ಥಾನ ಲಾಟದೇಶ, ಎಂದರೆ ದಕ್ಷಿಣ ಗುಜರಾತು. ದಶಪುರದ ದೊರೆಗಳ ಸದ್ಗುಣಗಳಿಗೆ ಮನಸೋತು, ಮಕ್ಕಳುಮರಿ ಬಂಧುಬಾಂಧವರೊಡನೆ ಇಲ್ಲಿಗೆ ಬಂದು ನೆಲೆಸಿದರೆಂದು ಶಾಸನ ಹೇಳುತ್ತದೆ. ಕುಮಾರಗುಪ್ತನು ಚಕ್ರವರ್ತಿಯಾಗಿ, ಬಂಧುವರ್ಮನು ದಶಪುರವನ್ನು ಆಳುತ್ತಿದ್ದಾಗ, ಸುಮಾರು ಕ್ರಿ.ಶ. 436ರಲ್ಲಿ, ಇವರ ಶ್ರೇಣಿಯು ತನ್ನ ಗಳಿಕೆಯಿಂದ ಒಂದು ಸೂರ್ಯದೇವಾಲಯವನ್ನು ಕಟ್ಟಿಸಿತು. ಶ್ರೇಣಿಯೆಂದರೆ ಒಂದೇ ಕಸುಬಿನವರ ಸಂಘ.

ಈ ದೇವಾಲಯದ ಶಾಸನದ ನಡುವೆ ಕವಿ ರೇಷ್ಮೆಯ ಮಾತನ್ನು ತರುತ್ತಾನೆ. ಅದರ ತಾತ್ಪರ್ಯವಿಷ್ಟು: ಯೌವನವಿರಲಿ, ರೂಪವಿರಲಿ, ಚಿನ್ನದ ಹಾರ, ತಾಂಬೂಲ, ಹೂವು ಎಲ್ಲವೂ ಇರಲಿ, ಒಂದು ಜೊತೆ ರೇಷ್ಮೆಯ ಬಟ್ಟೆಯನ್ನು ಉಡುವ ತನಕ ಹೆಂಗಸು ತನ್ನ ಪ್ರಿಯನನ್ನು ಕಾಣಲು ಹೊರಡುವುದಿಲ್ಲ. ಮುಂದಿನ ಪದ್ಯದಲ್ಲಿ ಆ ಬಟ್ಟೆಯ ಗುಣ ಹೇಳಿದೆ: ಮುಟ್ಟಿದರೆ ನುಣುಪು, ನೋಡಿದರೆ ಬಗೆಬಗೆಯ ಬಣ್ಣ, ಕಣ್ಣಿಗೆ ಹಿತ.

ಇದು ದೇವಾಲಯದ ಶಾಸನ, ಅಂಗಡಿಯ ಹಲಗೆಯಲ್ಲ. ಇದನ್ನು ಜಾಹೀರಾತೆಂದು ಕರೆಯುವವರು ಈ ಕಾಲದ ನಾವು. ಆದರೂ ಮಾರುವವನ ಮಾತಿನ ಮರ್ಮವೆಲ್ಲ ಇಲ್ಲಿ ಅಡಗಿರುವುದನ್ನು ತಾವೇ ಪರಿಶೀಲಿಸಿರಿ. ಮೊದಲು, ತಾವು ಯಾರು, ಎಲ್ಲಿಂದ ಬಂದವರು ಎಂಬುದನ್ನು ನೇಕಾರರು ತಿಳಿಸಿದರು. ಎರಡನೆಯದಾಗಿ, ನೂಲಿನ ಲೆಕ್ಕವನ್ನು ಹೇಳದೆ, ಉಡುವವಳ ಮನಸ್ಸಿನ ಆಸೆಯನ್ನು ಹೇಳಿದರು. ಮೂರನೆಯದಾಗಿ, ಗಿರಾಕಿಯು ತನ್ನ ಕೈಯಿಂದ ಮುಟ್ಟಿ, ಕಣ್ಣಿನಿಂದ ನೋಡಿ ಪರೀಕ್ಷಿಸಬಹುದಾದ ಗುಣಗಳನ್ನೇ ಹೊಗಳಿದರು. ಉಟ್ಟರೆ ರೋಗ ಹೋದೀತು, ಭಾಗ್ಯ ಬಂದೀತು ಎಂಬ ಆಶ್ವಾಸನೆ ಇಲ್ಲಿ ಇಲ್ಲ. ಆಸೆಯ ಮಾತು ಒಂದು ಪದ್ಯವಾದರೆ, ಅದರ ಬೆನ್ನಿಗೇ ಪರೀಕ್ಷೆಗೆ ನಿಲ್ಲುವ ಮಾತು ಇನ್ನೊಂದು ಪದ್ಯ.

ಈ ಹೊಗಳಿಕೆಯ ಹಿಂದೆ ಒಂದು ಸಂಕಟವೂ ಇದ್ದಿರಬೇಕೆಂದು ನನಗೆ ತೋರುತ್ತದೆ. ವಲಸೆ ಬಂದವರಲ್ಲಿ ಹಲವರು ಬಿಲ್ವಿದ್ಯೆಗೂ ಜ್ಯೋತಿಷಕ್ಕೂ ಕಥಾಪ್ರಸಂಗಕ್ಕೂ ಯುದ್ಧಕ್ಕೂ ಒಲಿದರೆಂದು ಶಾಸನವೇ ಹೇಳುತ್ತದೆ. ಮಗ್ಗವನ್ನು ಬಿಡದೆ ಅದರಲ್ಲಿಯೇ ಹೆಸರಾದವರೂ ಇದ್ದರು. ಊರು ಬಿಟ್ಟು ಬಂದು ಹೀಗೆ ಹಲವು ದಾರಿಗಳಲ್ಲಿ ಹಂಚಿಹೋದ ಜನರನ್ನು ಒಂದು ಹೆಸರಿನಲ್ಲಿ ಕಟ್ಟಿ ನಿಲ್ಲಿಸಿದುದು ಆ ರೇಷ್ಮೆಯ ಬಟ್ಟೆಯೇ. ಅದರ ಕೀರ್ತಿ ಹೋದರೆ ಅವರ ಗುರುತೂ ಹೋಗುತ್ತಿತ್ತು.

ಮುಂದೆ ಏನಾಯಿತೆಂಬುದು ಎಲ್ಲಕ್ಕಿಂತ ಮುಖ್ಯ. ಕಾಲ ಕಳೆಯಿತು, ದೊರೆಗಳು ಬದಲಾದರು, ದೇವಾಲಯದ ಒಂದು ಭಾಗ ಹಾಳಾಯಿತು. ಮೊದಲು ಕಟ್ಟಿಸಿದ 36 ವರ್ಷಗಳ ಬಳಿಕ, ಎಂದರೆ ಸುಮಾರು ಕ್ರಿ.ಶ. 473ರಲ್ಲಿ, ಅದೇ ಶ್ರೇಣಿಯು ತನ್ನ ಕೀರ್ತಿಯ ವೃದ್ಧಿಗಾಗಿ ಅದನ್ನು ಜೀರ್ಣೋದ್ಧಾರ ಮಾಡಿಸಿತು. ನಾವು ಇಂದು ಓದುವ ಶಾಸನ ರಚಿತವಾದದ್ದು ಆ ಸಂದರ್ಭದಲ್ಲಿ. ಬಿರುಕು ಬಿಟ್ಟ ಗುಡಿಯನ್ನು ಹಾಗೆಯೇ ಇಟ್ಟುಕೊಂಡು ಅವರು ರೇಷ್ಮೆಯನ್ನು ಹೊಗಳಿಸಿಕೊಳ್ಳಲಿಲ್ಲ. ಮೊದಲು ಗುಡಿಯನ್ನು ಸರಿಪಡಿಸಿದರು, ಆಮೇಲೆ ಮಾತನ್ನು ಕಂಡರಿಸಿದರು.

ಬಾನುಲಿಯಲ್ಲಿ ಆಡಿದ ಮಾತನ್ನು ನಾಳೆ ಬದಲಿಸಬಹುದು, ಕಾಗದವನ್ನು ಹರಿದು ಬಿಸಾಡಬಹುದು. ಕಲ್ಲಿನ ಮಾತನ್ನು ಹಿಂತೆಗೆದುಕೊಳ್ಳುವುದು ಸುಲಭವಲ್ಲ. ಇನ್ನು ಮೇಲೆ ಯಾವುದಾದರೊಂದು ಪದಾರ್ಥದ ಹೊಗಳಿಕೆ ತಮ್ಮ ಕಿವಿಗೆ ಬಿದ್ದಾಗ, ಕೈಚೀಲಕ್ಕೆ ಕೈಹಾಕುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ಈ ಮಾತನ್ನು ಕಲ್ಲಿನಲ್ಲಿ ಕಂಡರಿಸಿ, ಅದರ ಕೆಳಗೆ ತನ್ನ ಹೆಸರನ್ನು ಹಾಕಲು ಇವನು ಒಪ್ಪುವನೇ?