ಕ್ಯಾಂಪಿನಿಂದ ಕಾಡಂಚಿಗೆ: ಬೆಳಗಾವಿ, ಖಾನಾಪುರಗಳಲ್ಲಿ ಚರ್ಚಿನ ಸೇವಾಕಾರ್ಯ

ಬೆಳಗಾವಿಯಲ್ಲಿ ಚರ್ಚಿನ ಸೇವಾಕಾರ್ಯದ ಚರಿತ್ರೆ ಶುರುವಾಗುವುದು ದಂಡಿನ ಬೀಡಿನಿಂದ. 1818ರ ಏಪ್ರಿಲ್‌ನಲ್ಲಿ ಥಾಮಸ್ ಮನ್ರೋನ ಸೇನೆ ಪೇಶ್ವೆಯ ಕೈಯಲ್ಲಿದ್ದ ಬೆಳಗಾವಿ ಕೋಟೆಯನ್ನು ಗೆದ್ದುಕೊಂಡಿತು. ಆಮೇಲೆ ಊರ ಮಗ್ಗುಲಲ್ಲಿ ಬೆಳೆದ ಸೈನಿಕ ವಸತಿಯನ್ನು ಜನ ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ಬಂದವರು ಸಿಪಾಯಿಗಳಷ್ಟೇ ಆಗಿರಲಿಲ್ಲ. ಮದ್ರಾಸ್ ಸೇನೆಯ ಬೆನ್ನಿಗೆ ಅಡುಗೆಯವರು, ಕುದುರೆ ಲಾಯದವರು, ಡೋಲಿ ಹೊರುವವರು, ಆಯಾಗಳು, ಚರ್ಮದ ಕೆಲಸದವರು ತಮಿಳು ಸೀಮೆಯಿಂದ ಸಂಸಾರ ಸಮೇತ ಬಂದರು. ಪಲ್ಟನ್ ಬೇರೆ ಕಡೆಗೆ ಹೊರಟಾಗ ಇವರಲ್ಲಿ ಮುದುಕರು, ವಿಧವೆಯರು, ರೋಗಿಗಳು ಹಿಂದೆ ಉಳಿಯುತ್ತಿದ್ದರು. ಅವರಿಗೆ ಸೇನೆಯ ಪಿಂಚಣಿ ಇರಲಿಲ್ಲ, ಊರಲ್ಲಿ ನೆಂಟಸ್ತಿಕೆಯೂ ಇರಲಿಲ್ಲ. ಚರ್ಚಿನವರು ಮೊದಲು ಹೋಗಿ ನಿಂತದ್ದು ಈ ಜನರ ಬಾಗಿಲಲ್ಲಿ.

ಲಂಡನ್ ಮಿಷನರಿ ಸೊಸೈಟಿ ಬಳ್ಳಾರಿಯಲ್ಲಿ ನೆಲೆಯೂರಿದ್ದು 1810ರಲ್ಲಿ. ಕನ್ನಡ ಬೈಬಲ್ ಅನುವಾದಕ್ಕೆ ಜೀವ ತೇಯ್ದ ಜಾನ್ ಹ್ಯಾಂಡ್ಸ್ ಅಲ್ಲಿದ್ದರು. ಅಲ್ಲಿಂದಲೇ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. ಅದೇ ವರ್ಷ ಬಳ್ಳಾರಿಯಲ್ಲಿ ಹುಟ್ಟಿದ ಅವರ ಮಗ ಜೆ. ವಿ. ಎಸ್. ಟೇಲರ್ ಮುಂದೆ ಗುಜರಾತಿ ವ್ಯಾಕರಣ ಬರೆದು ಆ ಭಾಷೆಯ ಚರಿತ್ರೆಯಲ್ಲಿ ಹೆಸರಾದರು. 1820ರ ದಶಕದ ಕೊನೆಯ ಹೊತ್ತಿಗೆ ವಿಲಿಯಂ ಬೆನನ್ ಟೇಲರ್ ಅವರ ಜೊತೆಗೂಡಿದರು. ಕ್ಯಾಂಪಿನ ಜನರಿಗೆ ತಮಿಳು, ಸುತ್ತಲ ಹಳ್ಳಿಗಳಿಗೆ ಕನ್ನಡ, ಪೇಟೆಗೆ ಮರಾಠಿ, ಅಧಿಕಾರಿಗಳಿಗೆ ಇಂಗ್ಲಿಷ್ ಎಂದು ನಾಲ್ಕು ಭಾಷೆಗಳಲ್ಲಿ ಇಲ್ಲಿ ಕೆಲಸ ನಡೆಯಬೇಕಾಗಿತ್ತು. ಈ ಬಹುಭಾಷೆಯ ಗುಣ ಬೆಳಗಾವಿಯ ಚರ್ಚುಗಳನ್ನು ಇನ್ನೂ ಬಿಟ್ಟಿಲ್ಲ.

ಮತಾಂತರದ ಲೆಕ್ಕದಲ್ಲಿ ನೋಡಿದರೆ ಮಿಷನ್ ಗಳಿಸಿದ್ದು ಕಡಿಮೆ. ಶಿಕ್ಷಣದಲ್ಲಿ ಅದರ ಗುರುತು ಆಳವಾಗಿ ಉಳಿಯಿತು. 1830ರ ದಶಕದಲ್ಲಿ ಆರಂಭವಾದ ಮಿಷನ್ ಶಾಲೆಯೇ ಬೆನನ್ ಸ್ಮಿತ್ ಹೈಸ್ಕೂಲ್ ಆಗಿ ಬೆಳೆದು ನಗರದ ಹಳೆಯ ಶಾಲೆಗಳಲ್ಲಿ ಒಂದೆನಿಸಿಕೊಂಡಿತು. ಕ್ಯಾಂಪಿನಲ್ಲಿ ಕ್ಯಾಥೊಲಿಕರ ಸಂತ ಪೌಲರ ಶಾಲೆ 1856ರಲ್ಲಿ ಶುರುವಾಯಿತು. ಇಂಗ್ಲಿಷ್ ಕಲಿಸಿದ ಶಾಲೆಗಳಿಗೆ ಉಳ್ಳವರ ಮಕ್ಕಳು ತಾವಾಗಿ ಬಂದರು. ಕೂಲಿಕಾರರ ಮಕ್ಕಳನ್ನು ಕರೆತರಲು ಮಾತ್ರ ಮನೆಮನೆ ಅಲೆಯಬೇಕಾಯಿತು. ಬೋರ್ಡಿಂಗ್ ಎಂಬ ವ್ಯವಸ್ಥೆ ಹುಟ್ಟಿದ್ದು ಈ ಅಡಚಣೆಯಿಂದ. ದನ ಕಾಯುವ ಹುಡುಗನಿಗೆ ಊಟ, ಬಟ್ಟೆ, ಮಲಗಲು ಜಾಗ ಕೊಡದೆ ಅಕ್ಷರ ಕಲಿಸುವುದು ಆಗದ ಮಾತು ಎಂಬುದು ಮಿಷನ್‌ನವರಿಗೆ ಬೇಗ ಅರ್ಥವಾಗಿತ್ತು. ಇದೇ ತಿಳಿವಳಿಕೆಯಿಂದ 20ನೆಯ ಶತಮಾನದಲ್ಲಿ ಲಿಂಗಾಯತ ಮಠಗಳು ಪ್ರಸಾದ ನಿಲಯಗಳನ್ನು ಕಟ್ಟಿದವು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿ ಮಠದ ಶಿವಬಸವ ಸ್ವಾಮಿಗಳ ಪ್ರಸಾದ ನಿಲಯ ಎಷ್ಟೋ ಹಳ್ಳಿಯ ಹುಡುಗರನ್ನು ಓದಿಸಿತು. 1916ರಲ್ಲಿ ಏಳು ಮಂದಿ ಕೂಡಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯನ್ನೂ ಇಲ್ಲಿ ನೆನೆಯಬೇಕು. ಮಿಷನ್ ಶಾಲೆಗಳು ಈ ಸೀಮೆಗೆ ಕೊಟ್ಟದ್ದರಲ್ಲಿ ಪಾಠದಷ್ಟೇ ಮುಖ್ಯವಾದದ್ದು ಈ ಬಗೆಯ ಪೈಪೋಟಿ.

1876ರಿಂದ 1878ರವರೆಗಿನ ಬರ ಬೆಳಗಾವಿ ಜಿಲ್ಲೆಯ ಮೂಡಣ ಭಾಗವನ್ನು, ಎರೆಭೂಮಿಯ ಬಯಲುಸೀಮೆಯನ್ನು, ಹಣ್ಣುಗಾಯಿ ಮಾಡಿತು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಿನ ಖಾನಾಪುರ ಸೀಮೆಯಲ್ಲಿ ಮಳೆಗೆ ಅಷ್ಟು ಬರವಿಲ್ಲ. ಆದರೂ ಅಲ್ಲಿಯ ಕಾಡುಹಾದಿಗಳಲ್ಲಿ ಎತ್ತಿನ ಗಾಡಿಯ ಮೇಲೆ ಬಯಲಿಗೆ ಧಾನ್ಯ ಸಾಗಿಸುವುದು ಕಷ್ಟದ ಕೆಲಸವಾಗಿತ್ತು. ಬರ ಕಲಿಸಿದ ಪಾಠದಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅತ್ತ ಗೋವೆಯ ಮುರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಪೋರ್ಚುಗೀಸ್ ಸೀಮೆಯ ರೈಲು 1888ರಲ್ಲಿ ಉದ್ಘಾಟನೆಯಾಯಿತು. ಖಾನಾಪುರ ತಾಲೂಕಿನ ಲೋಂಡಾ ಎರಡು ದಾರಿಗಳು ಕೂಡುವ ಜಂಕ್ಷನ್ ಆಯಿತು. ಕಾಡಿನ ನಡುವೆ ಚಾಲಕರು, ಫಿಟ್ಟರುಗಳು, ಗ್ಯಾಂಗ್‌ಮನ್‌ಗಳು ತುಂಬಿದ ರೈಲ್ವೆ ಕಾಲೊನಿ ಎದ್ದಿತು. ಆಂಗ್ಲೋ-ಇಂಡಿಯನ್ನರು, ಗೋವೆಯ ಕೊಂಕಣಿ ಕ್ಯಾಥೊಲಿಕರು ಅಲ್ಲಿ ನೆಲೆಸಿದರು. ಮಲೇರಿಯಾಕ್ಕೆ ಕುಖ್ಯಾತವಾಗಿದ್ದ ಈ ನಾಡಿನಲ್ಲಿ ಪಾದ್ರಿಗೆ ಪ್ರಾರ್ಥನೆಯಷ್ಟೇ ಮುಖ್ಯವಾದ ಕೆಲಸ ಕ್ವಿನೈನ್ ಹಂಚುವುದೂ ಆಗಿತ್ತು. ರೋಗ ಉಲ್ಬಣಿಸಿದವರಿಗೆ ಅದೇ ರೈಲುಹಾದಿ ಮೀರಜ್‌ನ ದಾರಿಯನ್ನೂ ತೋರಿಸಿತು. 1894ರಲ್ಲಿ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್‌ನ ವೈದ್ಯ ವಿಲಿಯಂ ವಾನ್ಲೆಸ್ ಕಟ್ಟಿದ ಅಲ್ಲಿಯ ಆಸ್ಪತ್ರೆ ಸುತ್ತಿನ ಜಿಲ್ಲೆಗಳಿಗೆಲ್ಲ ಕೊನೆಯ ಭರವಸೆಯಾಗಿತ್ತು.

ಲಂಡನ್ ಸೊಸೈಟಿ ಎಂಬತ್ತು ವರ್ಷಕ್ಕೂ ಮೇಲ್ಪಟ್ಟು ನಡೆಸಿದ ಬೆಳಗಾವಿಯ ಕೆಲಸವನ್ನು 1904ರಲ್ಲಿ ಅಮೆರಿಕದ ಮೆಥೊಡಿಸ್ಟರಿಗೆ ಬಿಟ್ಟುಕೊಟ್ಟಿತು. ಹೆಣ್ಣುಮಕ್ಕಳ ವನಿತಾ ವಿದ್ಯಾಲಯ ಮೆಥೊಡಿಸ್ಟರ ಸಂಸ್ಥೆ. ಇವರ ಕಾಲದಲ್ಲಿ ಸಭೆಗಳು ಬೈಲಹೊಂಗಲದ ಕಡೆಯ ಹಳ್ಳಿಗಳಿಗೂ ಹಬ್ಬಿದವು. ಅವುಗಳಿಗೆ ಸೇರಿದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳವರು. ಆ ಕೇರಿಯವರಿಗೆ ಊರ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಮಿಷನ್ನಿನ ಉಪದೇಶಿ ಬಂದು ಅವರ ಜಗಲಿಯಲ್ಲಿ ಕೂತು ಅವರ ಕೈಯ ನೀರು ಕುಡಿದದ್ದೇ ಹೊಸ ಸಂಗತಿ. ಬಹಳಷ್ಟು ಕಡೆ ಈ ಉಪದೇಶಿಗಳೂ ಅದೇ ಕೇರಿಗಳಲ್ಲಿ ಹುಟ್ಟಿದವರು. ಅಲ್ಪ ಸಂಬಳಕ್ಕೆ ಹಗಲು ಶಾಲೆ, ರಾತ್ರಿ ಭಜನೆ, ನಡುವೆ ಅರ್ಜಿ ಬರೆದುಕೊಡುವ ಕೆಲಸ ಮಾಡಿದ ಇವರ ಹೆಸರುಗಳು ಮಿಷನ್ ವರದಿಗಳಲ್ಲಿ ವಿರಳ. ಸೇವೆಯ ಭಾರ ಹೊತ್ತವರು ಮಾತ್ರ ಇವರೇ. ವಿದೇಶಿ ಪಾದ್ರಿಗಳ ಜೀವನಚರಿತ್ರೆಗಳಿಗೆ ಕೊಟ್ಟ ಗಮನ ಇವರಿಗೂ ಸಲ್ಲಬೇಕಿತ್ತು.

ಕ್ಯಾಥೊಲಿಕರ ಕಥೆ ಬೇರೆ ಹಾದಿಯಲ್ಲಿ ಸಾಗಿತು. ಗೋವೆಗೆ ಅಂಟಿಕೊಂಡ ಖಾನಾಪುರ ಸೀಮೆಯ ಕ್ರೈಸ್ತರು ಗೋವೆಯ ಆರ್ಚ್‌ಬಿಷಪ್‌ರ ಅಧೀನದಲ್ಲಿದ್ದರು. ಕ್ಯಾಂಪಿನ ಕ್ಯಾಥೊಲಿಕರನ್ನು ಮುಂಬಯಿಯ, 1886ರ ನಂತರ ಪುಣೆಯ, ಬಿಷಪ್‌ರು ನೋಡಿಕೊಳ್ಳುತ್ತಿದ್ದರು. ಮುಂಬಯಿ-ಪುಣೆ ಮಿಷನ್ನಿನಲ್ಲಿದ್ದ ಜರ್ಮನ್ ಜೆಸ್ವಿಟ್‌ರನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು ಹೊರಗಟ್ಟಿದಾಗ ಅಲ್ಲಿಯ ಕೆಲಸಕ್ಕೆ ದೊಡ್ಡ ಪೆಟ್ಟು ಬಿತ್ತು. ಪಾದ್ರಿಗಳ ನೇಮಕದಲ್ಲಿ ಪೋರ್ಚುಗಲ್‌ಗಿದ್ದ ಹಕ್ಕು ಸ್ವತಂತ್ರ ಭಾರತದಲ್ಲಿ ಸಲ್ಲುವಂತಿರಲಿಲ್ಲ. 1953ರ ಸೆಪ್ಟೆಂಬರ್ 19ರಂದು ಎರಡೂ ಕಡೆಯ ಪ್ರದೇಶಗಳನ್ನು ಕೂಡಿಸಿ ಬೆಳಗಾವಿ ಧರ್ಮಪ್ರಾಂತವನ್ನು ರಚಿಸಲಾಯಿತು. ಕ್ಯಾಂಪಿನ ಫಾತಿಮಾ ಮಾತೆಯ ಇಗರ್ಜಿ ಅದರ ಪ್ರಧಾನಾಲಯ, ಮೈಕಲ್ ರೊಡ್ರಿಗಸ್ ಮೊದಲ ಬಿಷಪ್. ಎರಡೇ ವರ್ಷಕ್ಕೆ ಗೋವೆಯ ಗಡಿ ಮುಚ್ಚಿ ರೈಲು ನಿಂತಾಗ ಗೋವೆಯೊಂದಿಗಿನ ವ್ಯಾಪಾರವನ್ನೇ ನಂಬಿದ್ದ ಗಡಿಯ ಊರುಗಳಿಗೆ ಬಡತನ ಇನ್ನಷ್ಟು ಬಿಗಿಯಾಯಿತು. ಕರಾವಳಿ ಭಾಗ 1976ರಲ್ಲಿ ಕಾರವಾರ ಧರ್ಮಪ್ರಾಂತವಾಗಿ ಬೇರೆಯಾಯಿತು.

ಬೆಳಗಾವಿ ಧರ್ಮಪ್ರಾಂತದ ಸೀಮೆಯಲ್ಲೇ ಒಂದು ಅಪರೂಪದ ಪ್ರಯೋಗ ನಡೆಯಿತು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಜೆಸ್ವಿಟ್ ಗುರು ಆರ್ಮಾಂಡೊ ಆಲ್ವಾರಿಸ್ ಕಾವಿ ತೊಟ್ಟು, ಸಸ್ಯಾಹಾರ ಹಿಡಿದು, ಸ್ವಾಮಿ ಅಣಿಮಾನಂದ ಎಂಬ ಹೆಸರಿನಲ್ಲಿ ವಿರಕ್ತ ಮಠದ ರೀತಿಯಲ್ಲಿ ಬಾಳಿದರು. ಕ್ರೈಸ್ತನಾಗುವುದೆಂದರೆ ನಾಡಿನ ಬಾಳ್ವೆಯನ್ನು ಬಿಟ್ಟು ಕ್ಯಾಂಪಿನವನಾಗುವುದು ಎಂಬ ಊರವರ ಶಂಕೆಗೆ ಅವರ ಬದುಕೇ ಉತ್ತರವಾಗಿತ್ತು. ಈ ದಾರಿ ಹಿಡಿದವರು ಹೆಚ್ಚಲ್ಲ. ಆದರೂ ಹಳ್ಳಿಯಲ್ಲಿ ಸೇವೆ ಮಾಡುವವನು ಹಳ್ಳಿಯವನಂತೆಯೇ ಇರಬೇಕೆಂಬ ಅದರ ಹಟ ಗೌರವಕ್ಕೆ ಅರ್ಹವಾದದ್ದು.

ಸೇವೆಯ ರೀತಿಯೂ ಬದಲಾಗುತ್ತ ಬಂತು. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗಿ ಅಕ್ಕಿ, ಔಷಧಿ, ಶಾಲೆಯ ಫೀ ಒದಗಿಸುವುದು ಕ್ಯಾಥೊಲಿಕ್ ಧರ್ಮಕೇಂದ್ರಗಳ ಹಳೆಯ ಪದ್ಧತಿ. ಇದನ್ನು ನಡೆಸುವ ಸಂತ ವಿನ್ಸೆಂಟ್ ದೆ ಪಾಲ್ ಸಭೆ 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ಎಲ್ಲೆಡೆ ಹರಡಿತು. ಇದರಲ್ಲಿ ಕೊಡುವವನು ಮನೆಯೊಳಗೆ ಬಂದು ಕೂರಬೇಕು, ಮಾತಾಡಬೇಕು. ಬಡವನನ್ನು ಚರ್ಚಿನ ಬಾಗಿಲಲ್ಲಿ ಸಾಲು ನಿಲ್ಲಿಸುವುದಕ್ಕಿಂತ ಇದು ಎಷ್ಟೋ ಮೇಲು. 1980ರ ನಂತರ ಕರ್ನಾಟಕದಲ್ಲಿ ಸ್ವಸಹಾಯ ಸಂಘಗಳು ಬೆಳೆದವು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕುಗಳಿಗೆ ಜೋಡಿಸಿದ ಮೇಲೆ ಚರ್ಚಿನ ಸಮಾಜಸೇವೆಯೂ ದಾನದಿಂದ ಉಳಿತಾಯದ ಕಡೆಗೆ ತಿರುಗಿತು. ಸಂಘದ ಪಾಸ್‌ಬುಕ್ ಹಿಡಿದ ಹೆಂಗಸು ಸಾಲದವನ ಎದುರು ಧೈರ್ಯವಾಗಿ ಮಾತಾಡಬಲ್ಲಳು. ಹಂಚಿದ ಅಕ್ಕಿಗೆ ಆ ಬಲ ಇರಲಿಲ್ಲ.

ಖಾನಾಪುರದ ಕಾಡಂಚಿನಲ್ಲಿ ಈ ಕೆಲಸ ಬಹಳ ಕಠಿಣ. ಉತ್ತರ ಕನ್ನಡದ ಹಳಿಯಾಳದ ಗಡಿಯತ್ತ ಸಿದ್ದಿಗಳ ಮನೆಗಳಿವೆ. ಗೋವೆಯಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಘಟ್ಟ ಹತ್ತಿದ ಆಫ್ರಿಕನ್ನರು ಇವರಲ್ಲಿ ಅನೇಕರ ಪೂರ್ವಿಕರು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಜಮೀನಿನ ಪಟ್ಟಾ ಇಲ್ಲದಿರುವುದು, ಅರಣ್ಯ ಇಲಾಖೆಯೊಂದಿಗಿನ ತಿಕ್ಕಾಟ, ಮಳೆಗಾಲದಲ್ಲಿ ಕಡಿಯುವ ದಾರಿ, ಇವು ಪಾದ್ರಿಯಾಗಲಿ ಸಿಸ್ಟರ್ ಆಗಲಿ ಒಬ್ಬರೇ ಬಿಡಿಸಬಲ್ಲ ಕಗ್ಗಂಟುಗಳಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಸಿಕ್ಕ ಪರಿಶಿಷ್ಟ ಪಂಗಡದ ಸ್ಥಾನ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ದೊರೆತದ್ದು 2020ರಲ್ಲಿ. ಒಂದೇ ಕಾಡಿನ ಒಂದೇ ಜನಕ್ಕೆ ಜಿಲ್ಲೆಯ ಗೆರೆಯೊಂದರಿಂದ ಹದಿನೇಳು ವರ್ಷ ತಡವಾದದ್ದು ಅನ್ಯಾಯ.

ದಲಿತ ಕ್ರೈಸ್ತರಿಗೆ ಇಂಥ ಪರಿಹಾರ ಇನ್ನೂ ಸಿಕ್ಕಿಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಅದರೊಳಗೆ ಸೇರಿದರು, ಕ್ರೈಸ್ತರು ಹೊರಗುಳಿದರು. ಕರ್ನಾಟಕ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದೆ. ಕೇರಿಯಲ್ಲಿ ಜಾತಿ ಮೊದಲಿನಂತೆಯೇ ನಡೆಯುವುದರಿಂದ ಚರ್ಚಿನ ಹಾಸ್ಟೆಲು, ಫೀ ನೆರವುಗಳ ಮೇಲೆ ಈ ಕುಟುಂಬಗಳ ಅವಲಂಬನೆ ಇನ್ನೂ ತಪ್ಪಿಲ್ಲ.

ಸೇವೆಗೆ ವಿದೇಶದಿಂದ ಬರುವ ಹಣ 1976ರ ವಿದೇಶಿ ದೇಣಿಗೆ ಕಾಯ್ದೆಯಿಂದ ಸರಕಾರದ ನಿಗಾಕ್ಕೆ ಒಳಪಟ್ಟಿತು. 2010ರ ಹೊಸ ಕಾಯ್ದೆ ಅದನ್ನು ಇನ್ನಷ್ಟು ಬಿಗಿ ಮಾಡಿತು. ಮತಾಂತರ ನಿರ್ಬಂಧದ ಮಸೂದೆ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆದದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. ಮರುವರ್ಷ ಅದು ಕಾಯ್ದೆಯಾಯಿತು. ಉಚಿತ ಶಿಕ್ಷಣದ ಭರವಸೆಯನ್ನೂ ಆಮಿಷವೆಂದು ಎಣಿಸಬಹುದಾದ ಅದರ ಮಾತುಗಳು ಟ್ಯೂಷನ್ ಕೇಂದ್ರ, ಬೋರ್ಡಿಂಗ್ ನಡೆಸುವವರಲ್ಲಿ ಅಳುಕು ಹುಟ್ಟಿಸಿದವು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಆ ಕಾಯ್ದೆಯನ್ನು ಹಿಂತೆಗೆದುಕೊಳ್ಳಲು ನಿರ್ಧರಿಸಿತು.