ಗೂಡಿನಾಚೆಯ ಹಾರ್ಪಿ ಹದ್ದು

ಹಾರ್ಪಿ ಹದ್ದಿನ ಬಗ್ಗೆ ಈಚೆಗೆ ಬರುವ ಬರಹ, ವಿಡಿಯೊಗಳೆಲ್ಲ ಅದರ ಉಗುರಿನ ಉದ್ದ ಹೇಳಿ ಮುಗಿದುಬಿಡುತ್ತವೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ ಈ ಹಕ್ಕಿಯನ್ನು ಬರೀ ಬಲದಿಂದ ಅಳೆದರೆ ಅದರ ಬೇಟೆ ಅರ್ಥವಾಗುವುದಿಲ್ಲ.

ಲಿನ್ನೇಯಸ್ 1758ರಲ್ಲಿ ಹೆಸರಿಟ್ಟರು. ಆಮೇಲೆ ಬಹುಕಾಲ ಮ್ಯೂಸಿಯಂಗಳಿಗೆ ಸತ್ತ ಹಕ್ಕಿಗಳು ಸೇರಿದವೇ ಹೊರತು ಬದುಕಿದ್ದನ್ನು ಕೂತು ನೋಡಿದವರು ವಿರಳ. ಫೌಲರ್ ಮತ್ತು ಕೋಪ್ ಬ್ರಿಟಿಷ್ ಗಯಾನಾದ ಬಗ್ಗೆ 1964ರಲ್ಲಿ ಬರೆದ ಟಿಪ್ಪಣಿ ಬಾಗಿಲು ತೆರೆಯಿತು.

ಒಳಗೆ ಕಾಲಿಟ್ಟವರು ನೀಲ್ ರೆಟ್ಟಿಗ್. ಅದೇ ಗಯಾನಾದಲ್ಲಿ ಗೂಡಿನೆದುರು ತಿಂಗಳುಗಟ್ಟಲೆ ಕಾದು ಅವರು 1978ರಲ್ಲಿ ಪ್ರಕಟಿಸಿದ ಪ್ರಬಂಧ, ಬೇಟೆಹಕ್ಕಿಗಳ ಹಿಂದೆ ಬಿದ್ದ ನನ್ನ ಪೀಳಿಗೆಗೆ ಪಾಠಪುಸ್ತಕವಾಯಿತು. ಹಾಗೆ ಕಾಯುವ ತಾಳ್ಮೆಗೆ ಯಾವ ಉಪಕರಣವೂ ಸಾಟಿಯಲ್ಲವೆಂದು ಈಗಲೂ ನಂಬಿದ್ದೇನೆ. ಮುಂದಿನ ಹಲವು ಅಧ್ಯಯನಗಳಲ್ಲಿ ಗೂಡಿಗೆ ಬಂದ ಆಹಾರದಲ್ಲಿ ಮತ್ತೆ ಮತ್ತೆ ಕಂಡದ್ದು ಕೋತಿಗಿಂತ ಹೆಚ್ಚಾಗಿ ಸ್ಲಾತ್. ಅಲುಗಾಡದೆ, ಪಾಚಿ ಕಟ್ಟಿದ ಮೈಯಲ್ಲಿ ಎಲೆಗಳ ನಡುವೆ ಮರೆಯಾಗುವ ಪ್ರಾಣಿ ಅದು. ಅದನ್ನು ಹಿಡಿಯುವುದಕ್ಕಿಂತ ಕಂಡುಹಿಡಿಯುವುದೇ ಕಷ್ಟ. ಹಾರ್ಪಿ ಆಕಾಶದಲ್ಲಿ ಸುತ್ತುತ್ತಾ ಹುಡುಕುವುದಿಲ್ಲ. ಕೊಂಬೆಯಲ್ಲಿ ಹೊಂಚು ಹಾಕಿ ಕೂರುತ್ತದೆ, ಕಿವಿಗೊಡುತ್ತದೆ. ಗಿಡ್ಡ ಅಗಲ ರೆಕ್ಕೆ, ಉದ್ದ ಬಾಲದ ನೆರವಿನಿಂದ ಕೊಂಬೆಗಳ ಸಂದಿಯಲ್ಲಿ ತಿರುಗಿ ಎರಗುತ್ತದೆ. ಒಂಬತ್ತು ಕಿಲೊವರೆಗೆ ತೂಗುವ ಹೆಣ್ಣು ದೊಡ್ಡ ಬೇಟೆಯನ್ನೂ ಹೊರಬಲ್ಲದು. ಗಂಡು ಅದರ ಅರ್ಧದಷ್ಟು.

ಪನಾಮಾದ ಬಾರೊ ಕೊಲರಾಡೊ ದ್ವೀಪದ ಕೆಲಸ ನನಗೆ ಎಲ್ಲಕ್ಕಿಂತ ಪ್ರಿಯ. ಸಾಕಿ ಬೆಳೆಸಿದ ಎಳೆಯ ಹಾರ್ಪಿಗಳನ್ನು ಅಲ್ಲಿ ಬಿಟ್ಟು, ರೇಡಿಯೊ ಕಟ್ಟಿ ಹಿಂಬಾಲಿಸಿದರು. ಕಲಿಸುವವರಿಲ್ಲದೆಯೂ ಅವು ಬೇಟೆಯಾಡಿದವೆಂದು ಟಚ್‌ಟನ್ ಮತ್ತು ಸಂಗಡಿಗರು 2002ರಲ್ಲಿ ಬರೆದರು. ಮರುವರ್ಷದ ಇನ್ನೊಂದು ಪ್ರಬಂಧ ಬೇಟೆಯ ಕಡೆಯಿಂದ ನೋಡಿತು: ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾರ್ಪಿಯನ್ನೇ ಕಾಣದ ಅಲ್ಲಿನ ಹೌಲರ್ ಕೋತಿಗಳು, ವರ್ಷದೊಳಗೇ ಅದರ ಕೂಗಿಗೆ ಬೆಚ್ಚಲು ಕಲಿತಿದ್ದವು. ಬೇಟೆಯೆಂದರೆ ಇಬ್ಬರ ನಡುವಿನ ವ್ಯವಹಾರ ಎಂದು ತೋರಿಸಿದ ಇಂಥ ಅಧ್ಯಯನಗಳು ಆಮೇಲೆ ಹೆಚ್ಚಲಿಲ್ಲ, ಅದು ನಷ್ಟವೇ.

ಈಗ ಕ್ಯಾಮೆರಾಗಳ ಕಾಲ. ಎವರ್ಟನ್ ಮಿರಾಂಡಾ ಮತ್ತು ಸಂಗಡಿಗರು ಬ್ರೆಜಿಲ್‌ನ ಅಮೆಜಾನಿನಲ್ಲಿ 16 ಗೂಡುಗಳನ್ನು ಗಮನಿಸಿ, 306 ಬೇಟೆಗಳನ್ನು ಗುರುತಿಸಿ 2021ರಲ್ಲಿ ವರದಿ ಮಾಡಿದರು. ಕಾಡು ಕಡಿದಲ್ಲೂ ಹದ್ದುಗಳು ಬಯಲಿನ ಪ್ರಾಣಿಗಳತ್ತ ಹೊರಳಲಿಲ್ಲ. ಮರದ ಮೇಲಿನ ಆಹಾರಕ್ಕೇ ಅಂಟಿಕೊಂಡವು. ಶೇ. 50ರಿಂದ 70ರಷ್ಟು ಕಾಡು ಹೋದಲ್ಲಿ ಗೂಡು ಬಿಟ್ಟ ಮೂರು ಮರಿಗಳು ಹಸಿವಿನಿಂದ ಸತ್ತವು. ಶೇ. 70 ದಾಟಿದಲ್ಲಿ ಗೂಡೇ ಇರಲಿಲ್ಲ. ಉಗುರಿನ ಉದ್ದವನ್ನೇ ಕೊಂಡಾಡುವವರು ಓದಬೇಕಾದ ಪ್ರಬಂಧವಿದು.

ಆದರೂ ನಮ್ಮ ತಿಳಿವಳಿಕೆಯ ಬಹುಪಾಲು ಗೂಡಿನ ಸುತ್ತಲೇ ಇದೆ. ಗೂಡಿನ ಮರದ ಬುಡದಲ್ಲಿ ಆಯ್ದ ಮೂಳೆಗಳಲ್ಲಿ ಗಟ್ಟಿಯಾದವೇ ಉಳಿದಿರುತ್ತವೆ. ಕ್ಯಾಮೆರಾಕ್ಕೆ ಸಿಗುವುದು ಮರಿಗೆ ತಂದ ಆಹಾರ, ಎರಗಿದ ಗಳಿಗೆಯಲ್ಲ. ಜೋಡಿ ಎರಡು ಮೂರು ವರ್ಷಕ್ಕೊಂದು ಮರಿ ಬೆಳೆಸುತ್ತದೆ. ಆ ಮರಿ ತಾಯ್ತಂದೆಯನ್ನು ಬಿಟ್ಟು ಹೊರಟ ಮೇಲೆ ಜೋಡಿ ಕಟ್ಟುವವರೆಗಿನ ವರ್ಷಗಳ ಬೇಟೆಗೆ ಈ ಸಾಹಿತ್ಯದಲ್ಲಿ ಸಿಕ್ಕ ಪುಟಗಳು ತೀರಾ ಕಡಿಮೆ. ಗೂಡಿನ ಮರವೊಂದನ್ನೇ ಉಳಿಸುವ ಯೋಜನೆಗಳು ಆ ವರ್ಷಗಳಿಗೆ ಬೇಕಾದ ಕಾಡನ್ನು ಲೆಕ್ಕಕ್ಕೇ ಹಿಡಿದಿಲ್ಲ.