75 ನಿಮಿಷ, 126 ಕಾರು: ಮಿಶಿಗನ್ನಿನ ಒಂದು ಮೊಕದ್ದಮೆಯ ಕಥೆ

ಯುಗಾದಿ, ಪಿಕ್‌ನಿಕ್, ರಾಜ್ಯೋತ್ಸವದ ವರದಿಗಳ ನಡುವೆ ಈ ಸಲ ಒಂದು ಕೋರ್ಟಿನ ಕಥೆ. ಇದು ದೂರದ ಕಥೆಯಲ್ಲ, ನಮ್ಮ ಮಿಶಿಗನ್ನಿನದೇ. ಕೂಟದ ಮನೆಗಳಲ್ಲಿ ಎಷ್ಟೋ ಮಕ್ಕಳು ಈಗ ಸ್ಟೀರಿಂಗ್ ಹಿಡಿಯುವ ವಯಸ್ಸಿಗೆ ಬಂದಿದ್ದಾರೆ. ರಾತ್ರಿ ಹೊತ್ತು ಕಾರಿನ ಹಿಂದೆ ಕೆಂಪು ನೀಲಿ ದೀಪ ಹೊತ್ತಿಕೊಂಡರೆ ಪೋಲೀಸರು ಏನು ಮಾಡಬಹುದು, ಏನು ಮಾಡಬಾರದು ಎಂಬುದು ಅಪ್ಪ ಅಮ್ಮಂದಿರಿಗೂ ಗೊತ್ತಿರಬೇಕಾದ ವಿಷಯ.

ಓಹೈಯೋದಲ್ಲೋ ಇಂಡಿಯಾನಾದಲ್ಲೋ ನೆಂಟರಿರುವವರು ಕೇಳಿರಬಹುದು: ಶನಿವಾರ ರಾತ್ರಿ ರಸ್ತೆಗೆ ಅಡ್ಡಲಾಗಿ ಪೋಲೀಸರು ನಿಂತು, ಬಂದ ಕಾರುಗಳನ್ನೆಲ್ಲ ನಿಲ್ಲಿಸಿ, ಕುಡಿದಿದ್ದಾರೋ ಇಲ್ಲವೋ ಎಂದು ನೋಡುತ್ತಾರಂತೆ. ಮಿಶಿಗನ್ನಿನಲ್ಲಿ ಅದು ಇಲ್ಲ. ಇಲ್ಲಿನ ಪೋಲೀಸರಿಗೆ ಬೇಡವಾಗಿತ್ತು ಎಂದಲ್ಲ. ಅವರಿಗೆ ಬೇಕೆಂದೇ ಇತ್ತು. ವಾಷಿಂಗ್ಟನ್ನಿನವರೆಗೂ ಹೋಗಿ ಗೆದ್ದರು, ಮನೆಗೆ ಬಂದು ಸೋತರು.

ನಡೆದದ್ದು ಇಷ್ಟು. 1986ರ ಆರಂಭದಲ್ಲಿ ಮಿಶಿಗನ್ ರಾಜ್ಯ ಪೋಲೀಸ್ ಇಲಾಖೆ ಒಂದು ಸಲಹಾ ಸಮಿತಿ ನೇಮಿಸಿ ಚೆಕ್‌ಪಾಯಿಂಟಿಗೆ ನಿಯಮಗಳನ್ನು ಬರೆಸಿತು. ಜಾಗವನ್ನು ಹೇಗೆ ಆರಿಸಬೇಕು, ಜನರಿಗೆ ಹೇಗೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಬಂದ ಪ್ರತಿಯೊಂದು ವಾಹನವನ್ನೂ ನಿಲ್ಲಿಸಬೇಕು. ಕುಡಿದ ಲಕ್ಷಣ ಕಾಣದಿದ್ದರೆ ಕೂಡಲೇ ಬಿಡಬೇಕು, ಕಂಡರೆ ಮಾತ್ರ ಪಕ್ಕಕ್ಕೆ ಕರೆದು ಲೈಸೆನ್ಸ್ ನೋಡಿ ಮುಂದಿನ ಪರೀಕ್ಷೆ ಮಾಡಬೇಕು. ಮೊದಲ ಪ್ರಯೋಗ ನಡೆದದ್ದು ಸ್ಯಾಗಿನಾ ಕೌಂಟಿಯಲ್ಲಿ. 75 ನಿಮಿಷ ನಡೆಯಿತು, 126 ಕಾರುಗಳು ಹಾದುಹೋದವು. ಒಂದೊಂದು ಕಾರು ಸರಾಸರಿ 25 ಸೆಕೆಂಡು ನಿಂತಿತು. ಇಬ್ಬರನ್ನು ಪಕ್ಕಕ್ಕೆ ಕರೆದರು, ಅವರಲ್ಲಿ ಒಬ್ಬ ಕುಡಿದಿದ್ದ. ಇನ್ನೊಬ್ಬ ನಿಲ್ಲಿಸದೆ ನುಗ್ಗಿ ಹೋಗಿ, ಮುಂದೆ ಸಿಕ್ಕಿಬಿದ್ದ. ಒಟ್ಟು ಎರಡು ಬಂಧನ.

ಇದು ನಡೆಯುವ ಹಿಂದಿನ ದಿನವೇ ಮಿಶಿಗನ್ನಿನ ಕೆಲವು ಚಾಲಕರು ಕೋರ್ಟಿಗೆ ಅರ್ಜಿ ಹಾಕಿದ್ದರು. ಅವರ್ಯಾರನ್ನೂ ಪೋಲೀಸರು ಹಿಡಿದಿರಲಿಲ್ಲ. ಅವರ ವಾದ ಸರಳ: ನಾವು ಏನೂ ತಪ್ಪು ಮಾಡಿಲ್ಲ, ತಪ್ಪು ಮಾಡಿದ್ದೇವೆಂಬ ಅನುಮಾನವೂ ಇಲ್ಲ, ಹೀಗಿರುವಾಗ ನಮ್ಮನ್ನು ನಿಲ್ಲಿಸುವ ಅಧಿಕಾರ ಎಲ್ಲಿಂದ ಬಂತು? ತೀರ್ಪು ಬರುವವರೆಗೆ ಚೆಕ್‌ಪಾಯಿಂಟ್ ಬೇಡ ಎಂದು ಎರಡೂ ಕಡೆಯವರು ಒಪ್ಪಿಕೊಂಡರು.

25 ಸೆಕೆಂಡಿಗೆ ಇಷ್ಟೊಂದು ರಾದ್ಧಾಂತವೇ ಎಂದು ನಮ್ಮಲ್ಲಿ ಹಲವರಿಗೆ ಅನ್ನಿಸೀತು. ಊರಿನಲ್ಲಿ ಗಂಟೆಗಟ್ಟಲೆ ಕ್ಯೂ ನಿಂತು ಬಂದವರಲ್ಲವೇ ನಾವು! ಆದರೆ ಈ ದೇಶದಲ್ಲಿ ಆ ಪ್ರಶ್ನೆಗೆ ಹಳೆಯ ಬೇರಿದೆ. 1761ರಲ್ಲಿ ಬಾಸ್ಟನ್ನಿನ ವಕೀಲ ಜೇಮ್ಸ್ ಓಟಿಸ್, ಬ್ರಿಟಿಷ್ ಸುಂಕದ ಅಧಿಕಾರಿಗಳಿಗಿದ್ದ ಒಂದು ಬಗೆಯ ಸಾರಾಸಗಟು ವಾರಂಟಿನ ವಿರುದ್ಧ ಗಂಟೆಗಟ್ಟಲೆ ವಾದಿಸಿದ. ಆ ಕಾಗದ ಕೈಯಲ್ಲಿದ್ದರೆ ಯಾರ ಮನೆ, ಯಾವ ಗೋದಾಮು ಎಂದು ಹೆಸರಿಸದೆ ಎಲ್ಲಿ ಬೇಕಾದರೂ ನುಗ್ಗಿ ಹುಡುಕಬಹುದಿತ್ತು. ಓಟಿಸ್ ಸೋತ. ಆದರೆ ಆ ಸಿಟ್ಟು ಉಳಿಯಿತು. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ನಾಲ್ಕನೆಯ ತಿದ್ದುಪಡಿಗೆ, ಅಂದರೆ ಅಸಮಂಜಸವಾದ ಶೋಧನೆ ಮತ್ತು ವಶಪಡಿಸಿಕೊಳ್ಳುವಿಕೆಯ ವಿರುದ್ಧದ ರಕ್ಷಣೆಗೆ, ಮೂಲ ಅಲ್ಲಿದೆ. ಓಡುವ ಕಾರನ್ನು ನಿಲ್ಲಿಸುವುದೂ ಕೋರ್ಟಿನ ಲೆಕ್ಕದಲ್ಲಿ ಆ ಮನುಷ್ಯನನ್ನು ಅಷ್ಟು ಹೊತ್ತು ವಶಕ್ಕೆ ತೆಗೆದುಕೊಂಡಂತೆಯೇ.

ಕಾರು ಮತ್ತು ಹೆಂಡದ ಮೊದಲ ದೊಡ್ಡ ಮೊಕದ್ದಮೆಯೂ ಮಿಶಿಗನ್ನಿನದೇ. ಪಾನನಿಷೇಧದ ಕಾಲದಲ್ಲಿ ಕೆನಡಾದ ವಿಂಡ್ಸರಿನಿಂದ ಡೆಟ್ರಾಯಿಟ್ ನದಿ ದಾಟಿ ಮದ್ಯ ಧಾರಾಳವಾಗಿ ಹರಿದುಬರುತ್ತಿತ್ತು. 1921ರ ಡಿಸೆಂಬರಿನಲ್ಲಿ ಡೆಟ್ರಾಯಿಟಿನಿಂದ ಗ್ರ್ಯಾಂಡ್ ರ್ಯಾಪಿಡ್ಸ್ ಕಡೆಗೆ ಹೋಗುತ್ತಿದ್ದ ಒಂದು ಓಲ್ಡ್ಸ್‌ಮೊಬೀಲ್ ಕಾರನ್ನು ಅಧಿಕಾರಿಗಳು ತಡೆದು, ಸೀಟಿನ ಹೊದಿಕೆ ಹರಿದು, ಒಳಗಿಂದ 68 ಬಾಟಲಿ ವಿಸ್ಕಿ ಮತ್ತು ಜಿನ್ ತೆಗೆದರು. ವಾರಂಟ್ ಇರಲಿಲ್ಲ. 1925ರಲ್ಲಿ ಸುಪ್ರೀಂ ಕೋರ್ಟು, ಬಲವಾದ ಕಾರಣವಿದ್ದರೆ ವಾರಂಟಿಲ್ಲದೆಯೂ ಕಾರನ್ನು ಶೋಧಿಸಬಹುದು ಎಂದಿತು. ಕ್ಯಾರಲ್ ಮೊಕದ್ದಮೆ ಎಂದು ಅದು ಇಂದಿಗೂ ಹೆಸರುವಾಸಿ. ಆದರೆ ಅದೇ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಟ್ಯಾಫ್ಟ್ (ಹಿಂದೆ ಅಧ್ಯಕ್ಷರಾಗಿದ್ದವರೇ) ಇನ್ನೊಂದು ಮಾತನ್ನೂ ಸೇರಿಸಿದರು. ಎಲ್ಲೋ ಒಂದು ಬಾಟಲಿ ಸಿಕ್ಕೀತೆಂದು ದಾರಿಯಲ್ಲಿ ಹೋಗುವ ಪ್ರತಿಯೊಂದು ಕಾರನ್ನೂ ನಿಲ್ಲಿಸಿ ಹುಡುಕುವುದು ಸಹಿಸತಕ್ಕದ್ದಲ್ಲ, ರಸ್ತೆಯಲ್ಲಿ ಸರಿಯಾಗಿ ಸಾಗುವವರಿಗೆ ಅದು ಅವಮಾನ ಎಂಬರ್ಥದ ಮಾತು. ಆ ಮೊದಲರ್ಧವನ್ನು ಪೋಲೀಸರು ನೆನಪಿಟ್ಟುಕೊಂಡರು, ಎರಡನೆಯದನ್ನು ವಕೀಲರು.

ಹಾಗಿದ್ದ ಮೇಲೆ ಚೆಕ್‌ಪಾಯಿಂಟುಗಳು ಹುಟ್ಟಿದ್ದು ಹೇಗೆ? ಒಂದು ಕಾರಣ ಕಾನೂನಿನದು, ಇನ್ನೊಂದು ಕಣ್ಣೀರಿನದು. 1979ರಲ್ಲಿ ಡೆಲವೇರ್ ರಾಜ್ಯದಿಂದ ಬಂದ ಪ್ರೌಸ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಲೈಸೆನ್ಸ್ ನೋಡುವ ನೆಪದಲ್ಲಿ ಒಬ್ಬ ಪೋಲೀಸಿನವನು ತನಗೆ ತೋಚಿದ ಕಾರನ್ನು ನಿಲ್ಲಿಸುವಂತಿಲ್ಲ ಎಂದಿತು. ಆದರೆ ಬರುವವರನ್ನೆಲ್ಲ ಒಂದೇ ರೀತಿ ನಿಲ್ಲಿಸಿ ವಿಚಾರಿಸುವುದು ಬೇರೆ ವಿಷಯ ಎಂದು ಬಾಗಿಲು ಅರ್ಧ ತೆರೆದಿಟ್ಟಿತು. ಆಗ ಒಬ್ಬರೇ ಒಬ್ಬರು ಭಿನ್ನಮತ ಬರೆದರು, ವಿಲಿಯಂ ರೆನ್‌ಕ್ವಿಸ್ಟ್. ಒಬ್ಬನನ್ನು ನಿಲ್ಲಿಸಿದರೆ ತಪ್ಪು, ಎಲ್ಲರನ್ನೂ ನಿಲ್ಲಿಸಿದರೆ ಸರಿ ಎನ್ನುವುದು, ಕಷ್ಟಕ್ಕೆ ಜೊತೆಯಿದ್ದರೆ ಸಮಾಧಾನ ಎಂಬ ಗಾದೆಯನ್ನೇ ಸಂವಿಧಾನಕ್ಕೆ ಏರಿಸಿದಂತೆ ಎಂದು ಅವರು ಗೇಲಿ ಮಾಡಿದ್ದರು. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಮರುವರ್ಷ, 1980ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ಫೇರ್ ಓಕ್ಸ್ ಎಂಬಲ್ಲಿ ರಸ್ತೆ ಬದಿ ನಡೆದುಹೋಗುತ್ತಿದ್ದ 13 ವರ್ಷದ ಹುಡುಗಿಯೊಬ್ಬಳನ್ನು ಕುಡಿದ ಚಾಲಕನೊಬ್ಬ ಗುದ್ದಿ ಕೊಂದ. ಅವನು ಹಿಂದೆಯೂ ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದವನು. ಆಕೆಯ ತಾಯಿ ಕ್ಯಾಂಡಿ ಲೈಟ್ನರ್ ಕಟ್ಟಿದ ತಾಯಂದಿರ ಸಂಘವೇ ಇಂದು ಎಲ್ಲರಿಗೂ ಗೊತ್ತಿರುವ ‘ಮ್ಯಾಡ್’. 1982ರಲ್ಲಿ ಈ ದೇಶದಲ್ಲಿ ಕುಡಿದು ಓಡಿಸಿದ್ದರಿಂದಾದ ಅಪಘಾತಗಳಲ್ಲಿ ಸತ್ತವರು ಸುಮಾರು 21 ಸಾವಿರ ಮಂದಿ. ಇಂಥ ಹೊತ್ತಿನಲ್ಲಿ ರಾಜ್ಯಗಳು ಚೆಕ್‌ಪಾಯಿಂಟಿನ ಮೊರೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಪೋಲೀಸರನ್ನು ಖಳನಾಯಕರೆಂದು ನೋಡಿದರೆ ಈ ಕಥೆ ಅರ್ಥವಾಗುವುದಿಲ್ಲ.

ಮಿಶಿಗನ್ನಿನ ಕೆಳಗಿನ ಕೋರ್ಟುಗಳಲ್ಲಿ ಪೋಲೀಸರು ಸೋತರು. ರಾಜ್ಯ ಸರ್ಕಾರ ವಾಷಿಂಗ್ಟನ್ನಿಗೆ ಹೋಯಿತು. 1990ರ ಜೂನ್ 14ರಂದು ಸಿಟ್ಜ್ ಮೊಕದ್ದಮೆಯ ತೀರ್ಪು ಬಂತು. ಆರು ನ್ಯಾಯಮೂರ್ತಿಗಳು ಚೆಕ್‌ಪಾಯಿಂಟಿನ ಪರ, ಮೂವರು ವಿರುದ್ಧ. ಬಹುಮತದ ತೀರ್ಪು ಬರೆದವರು, ಅಷ್ಟರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅದೇ ರೆನ್‌ಕ್ವಿಸ್ಟ್! ನಿಲ್ಲಿಸುವುದು ವಶಕ್ಕೆ ತೆಗೆದುಕೊಂಡಂತೆ ಎಂದು ಅವರು ಒಪ್ಪಿದರು. ಆದರೆ ತಕ್ಕಡಿಯ ಒಂದು ಕಡೆ ಕುಡಿತದ ಸಾವುಗಳು, ಇನ್ನೊಂದು ಕಡೆ 25 ಸೆಕೆಂಡು, ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಯಾವ ಉಪಾಯ ಹೆಚ್ಚು ಫಲಕಾರಿ ಎಂದು ಆರಿಸುವುದು ಸರ್ಕಾರದ ಕೆಲಸ, ಕೋರ್ಟಿನದಲ್ಲ ಎಂದೂ ಹೇಳಿದರು.

ವಿರುದ್ಧ ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಅಂಕಿಗಳನ್ನೇ ಮುಂದಿಟ್ಟರು. ಮೇರಿಲ್ಯಾಂಡಿನಲ್ಲಿ 125 ಚೆಕ್‌ಪಾಯಿಂಟುಗಳಲ್ಲಿ 41 ಸಾವಿರ ಚಾಲಕರು ಹಾದುಹೋದರೆ ಬಂಧನವಾದದ್ದು 143 ಮಂದಿ. ಸಾವಿರಕ್ಕೆ ಮೂವರೋ ನಾಲ್ವರೋ. ಅಷ್ಟೇ ಪೋಲೀಸರು ರಸ್ತೆಯಲ್ಲಿ ಗಸ್ತು ತಿರುಗಿದ್ದರೆ ಇನ್ನೂ ಹೆಚ್ಚು ಜನ ಸಿಗುತ್ತಿದ್ದರಲ್ಲವೇ ಎಂಬುದು ಅವರ ಪ್ರಶ್ನೆ. ನಮಗೆ ಸ್ಟೀವನ್ಸರ ವಾದ ಹಿಡಿಸಿದರೂ ಒಂದು ಮಾತು ಹೇಳಲೇಬೇಕು. ಚೆಕ್‌ಪಾಯಿಂಟಿನ ಉಪಯೋಗವನ್ನು ಬಂಧನಗಳಿಂದ ಮಾತ್ರ ಅಳೆಯಲಾಗುವುದಿಲ್ಲ. ಅದಿದೆಯೆಂಬ ಹೆದರಿಕೆಗೆ ಕುಡಿದವನು ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟರೆ ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2002ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು, ಚೆಕ್‌ಪಾಯಿಂಟ್ ಇರುವಲ್ಲಿ ಇಂಥ ಅಪಘಾತಗಳು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದವು ಎಂದಿತು.

ತಮಾಷೆಯ ಸಂಗತಿಯೊಂದು. ಸಿಟ್ಜ್ ತೀರ್ಪಾದ ನಾಲ್ಕನೇ ದಿನ ಅದೇ ಕೋರ್ಟು ಪೆನ್ಸಿಲ್ವೇನಿಯಾದ ಇನ್ನೊಬ್ಬ ಚಾಲಕನ ಮೊಕದ್ದಮೆ ಮುಗಿಸಿತು. ಹಿಡಿದು ತಂದ ಪೋಲೀಸರು ಅವನಿಗೆ ಕೇಳಿದ ಪ್ರಶ್ನೆ: ನಿನಗೆ ಆರು ವರ್ಷ ತುಂಬಿದ ತಾರೀಖು ಯಾವುದು? ಅವನು ಗೊತ್ತಿಲ್ಲ ಎಂದ. (ಕುಡಿಯದ ನಮ್ಮಲ್ಲೂ ಎಷ್ಟು ಮಂದಿ ಥಟ್ಟನೆ ಹೇಳಿಯಾರು?) ಹಕ್ಕುಗಳನ್ನು ಓದಿ ಹೇಳದೆ ಆ ಪ್ರಶ್ನೆ ಕೇಳಿ, ಉತ್ತರವನ್ನು ಸಾಕ್ಷಿಯಾಗಿ ಬಳಸುವಂತಿಲ್ಲ ಎಂದಿತು ಕೋರ್ಟು. ಅವನ ನಾಲಿಗೆ ತೊದಲಿದ್ದನ್ನು ಮಾತ್ರ ಬಳಸಬಹುದಿತ್ತು.

ಸಿಟ್ಜ್ ಕಡತ ಮಿಶಿಗನ್ನಿಗೆ ವಾಪಸು ಬಂತು. ಕಥೆಯ ಸ್ವಾರಸ್ಯವಿರುವುದು ಇಲ್ಲಿ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ. ಭಾರತದಿಂದ ಬಂದ ನಮಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಒಕ್ಕೂಟದ ಸಂವಿಧಾನ ಕೊಟ್ಟ ಹಕ್ಕನ್ನು ರಾಜ್ಯ ಕಡಿಮೆ ಮಾಡುವಂತಿಲ್ಲ, ಆದರೆ ಅದಕ್ಕಿಂತ ಹೆಚ್ಚು ಕೊಡಬಹುದು. 1993ರಲ್ಲಿ ಮಿಶಿಗನ್ ಸುಪ್ರೀಂ ಕೋರ್ಟು ಮಾಡಿದ್ದು ಅದನ್ನೇ. ರಾಜ್ಯ ಸಂವಿಧಾನದ ಮೊದಲನೆಯ ವಿಧಿಯ 11ನೇ ಸೆಕ್ಷನ್ ಪ್ರಕಾರ, ಅನುಮಾನವೇ ಇಲ್ಲದೆ ಅಪರಾಧ ಪತ್ತೆಗಾಗಿ ಕಾರು ನಿಲ್ಲಿಸುವ ಪದ್ಧತಿ ಈ ರಾಜ್ಯದಲ್ಲಿ ಎಂದೂ ಇರಲಿಲ್ಲ, ಈಗಲೂ ಬೇಡ ಎಂದಿತು. ಹೀಗೆ, ದೇಶಕ್ಕೆಲ್ಲ ಚೆಕ್‌ಪಾಯಿಂಟಿನ ದಾರಿ ತೆರೆದ ಮೊಕದ್ದಮೆ ಯಾವ ರಾಜ್ಯದ್ದೋ ಅಲ್ಲಿಯೇ ಅದು ನಿಂತುಹೋಯಿತು. ವಾಷಿಂಗ್ಟನ್ ರಾಜ್ಯ, ಐಡಾಹೋ, ಮಿನೆಸೋಟದಂಥ ಇನ್ನು ಕೆಲವು ರಾಜ್ಯಗಳ ಕೋರ್ಟುಗಳೂ ಇದೇ ದಾರಿ ಹಿಡಿದವು.

ಸಿಟ್ಜ್ ಗೆಲುವನ್ನು ಹಿಗ್ಗಿಸಲು ಹೊರಟವರೂ ಉಂಟು. 1998ರಲ್ಲಿ ಇಂಡಿಯಾನಾಪೊಲಿಸ್ ನಗರ ಮಾದಕ ವಸ್ತು ಹುಡುಕಲು ನಾಯಿಗಳ ಜೊತೆ ಚೆಕ್‌ಪಾಯಿಂಟ್ ಹಾಕಿತು. 1,161 ಕಾರು ನಿಲ್ಲಿಸಿ 104 ಮಂದಿಯನ್ನು ಹಿಡಿದರು. ಸ್ಯಾಗಿನಾಗಿಂತ ಎಷ್ಟೋ ಪಾಲು ಒಳ್ಳೆಯ ಫಸಲು! ಆದರೂ 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ರಸ್ತೆಯ ಸುರಕ್ಷತೆಗೆ ನಿಲ್ಲಿಸುವುದು ಬೇರೆ, ಸಾಮಾನ್ಯ ಅಪರಾಧ ಹುಡುಕಲು ಎಲ್ಲರನ್ನೂ ನಿಲ್ಲಿಸುವುದು ಬೇರೆ. ಈ ಗೆರೆ ಇಂದಿಗೂ ನಿಂತಿದೆ.

ಮಿಶಿಗನ್ನಿನ ತೀರ್ಪು ನಮಗೆ ಹೆಮ್ಮೆಯ ವಿಷಯ ಎಂದೇ ಭಾವಿಸುತ್ತೇವೆ. ಆದರೆ ಅದರ ಇನ್ನೊಂದು ಮುಖವನ್ನು, ಅದರಲ್ಲೂ ನಮ್ಮಂಥ ಕಂದು ಬಣ್ಣದವರು, ಮರೆಯಬಾರದು. ಚೆಕ್‌ಪಾಯಿಂಟಿನಲ್ಲಿ ಎಲ್ಲರೂ ನಿಲ್ಲುತ್ತಾರೆ. ಅದಿಲ್ಲದಲ್ಲಿ ಯಾರು ನಿಲ್ಲಬೇಕೆಂದು ಆರಿಸುವವನು ಗಸ್ತಿನ ಪೋಲೀಸ್. ಕಾರಣ ಬೇಕು, ನಿಜ. ಆದರೆ ಹಿಂದಿನ ದೀಪ ಕೆಟ್ಟಿರುವುದೂ ಕಾರಣವೇ, ಗೆರೆಯ ಮೇಲೆ ಚಕ್ರ ಹೋಗುವುದೂ ಕಾರಣವೇ. 1996ರ ರೆನ್ ಮೊಕದ್ದಮೆಯ ಪ್ರಕಾರ, ಸಂಚಾರ ನಿಯಮದ ಸಣ್ಣ ಉಲ್ಲಂಘನೆ ನಿಜವಾಗಿ ಆಗಿದ್ದರೆ ಸಾಕು, ಅಧಿಕಾರಿಯ ಮನಸ್ಸಿನೊಳಗಿನ ಉದ್ದೇಶವನ್ನು ನಾಲ್ಕನೆಯ ತಿದ್ದುಪಡಿ ಕೇಳುವುದಿಲ್ಲ. ಪ್ರೌಸ್ ತೀರ್ಪು ಹೆದರಿದ್ದ ಒಬ್ಬನ ಮರ್ಜಿ ಹೀಗೆ ಹಿಂಬಾಗಿಲಿನಿಂದ ಒಳಗೆ ಬಂದಿದೆ. ಪೂರ್ತಿ ಬಂದಿಲ್ಲ ಎನ್ನಿ: ಸಂಚಾರದ ಕೆಲಸ ಮುಗಿದ ಮೇಲೆ, ಅನುಮಾನಕ್ಕೆ ಕಾರಣವಿಲ್ಲದೆ, ನಾಯಿಯನ್ನು ತರಿಸಲು ಕಾರನ್ನು ತಡೆದಿಡುವಂತಿಲ್ಲ ಎಂದು 2015ರಲ್ಲಿ ಇನ್ನೊಂದು ತೀರ್ಪು ಬಂತು.

ಕುಡಿದು ಓಡಿಸಿದವರಿಗೆ ಈ ಹಕ್ಕುಗಳು ರಕ್ಷೆಯಲ್ಲ. ಮಿಶಿಗನ್ನಿನಲ್ಲಿ ಬಂಧನವಾದ ಮೇಲೆ ಪರೀಕ್ಷೆ ನಿರಾಕರಿಸಿದರೆ ಮೊದಲ ಸಲವೇ ಒಂದು ವರ್ಷ ಲೈಸೆನ್ಸ್ ಅಮಾನತು, ಆರು ಪಾಯಿಂಟು. 2016ರಿಂದ, ಬಂಧನದ ನಂತರ ಉಸಿರಿನ ಪರೀಕ್ಷೆಗೆ ವಾರಂಟ್ ಬೇಡ, ರಕ್ತ ತೆಗೆಯಲು ಸಾಮಾನ್ಯವಾಗಿ ಬೇಕು. 21 ತುಂಬದ ಮಕ್ಕಳಿಗೆ ಮಿತಿ 0.08 ಅಲ್ಲ, 0.02. ಎಚ್-1 ಮುಂತಾದ ವೀಸಾದಲ್ಲಿರುವವರು ಇನ್ನೊಂದನ್ನು ತಿಳಿದಿರಬೇಕು: 2015ರ ವಿದೇಶಾಂಗ ಇಲಾಖೆಯ ಸೂಚನೆಯಂತೆ, ಕುಡಿದು ಓಡಿಸಿದ್ದಕ್ಕೆ ಬಂಧನವಾದರೆ ಸಾಕು, ಅಪರಾಧ ಸಾಬೀತಾಗುವ ಮೊದಲೇ ವೀಸಾ ರದ್ದಾಗಬಹುದು.

ರಜೆಗೆ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಕಾರು ಹಿಡಿಯುವವರಿಗೂ ಒಂದು ಮಾತು. ಅಲ್ಲಿ ಮಿತಿ ಇನ್ನೂ ಬಿಗಿ: 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಇಲ್ಲಿನ ಲೆಕ್ಕದಲ್ಲಿ 0.03. 1988ರ ಮೋಟಾರು ವಾಹನ ಕಾಯಿದೆಯ 203ನೇ ಸೆಕ್ಷನ್, ಸಮವಸ್ತ್ರದಲ್ಲಿರುವ ಅಧಿಕಾರಿಗೆ ಅನುಮಾನಕ್ಕೆ ಸಕಾರಣವಿದ್ದರೆ ಉಸಿರಿನ ಪರೀಕ್ಷೆ ಕೇಳಬಹುದು ಎನ್ನುತ್ತದೆ. ಮಿಶಿಗನ್ನಿನ ಚಾಲಕರು ಕೋರ್ಟಿನಲ್ಲಿ ಕೇಳಿದ್ದ ‘ಕಾರಣ’ ಅಲ್ಲಿ ಕಾಯಿದೆಯಲ್ಲೇ ಅಚ್ಚಾಗಿದೆ.

ಇನ್ನು ವಿಂಡ್ಸರ್, ಟೊರಾಂಟೊ ಕಡೆ ನೆಂಟರ ಮನೆಗೆ ಹೋಗುವವರು. ಸಿಟ್ಜ್ ತೀರ್ಪಿಗೆ ಎರಡು ವಾರ ಮೊದಲು, 1990ರ ಮೇ 31ರಂದು, ಕೆನಡಾದ ಸುಪ್ರೀಂ ಕೋರ್ಟು ಲಡೂಸರ್ ಮೊಕದ್ದಮೆಯಲ್ಲಿ ಗಸ್ತಿನ ಪೋಲೀಸರು ಯಾವ ಕಾರನ್ನಾದರೂ ನಿಲ್ಲಿಸಬಹುದು ಎಂದು ಐದು ನಾಲ್ಕರ ಅಂತರದಲ್ಲಿ ಒಪ್ಪಿತು. ಆಂಟಾರಿಯೋದ ‘ರೈಡ್’ ತಪಾಸಣೆ 1977ರಿಂದಲೂ ನಡೆದಿದೆ. 2018ರ ಡಿಸೆಂಬರಿನಿಂದ, ಕಾನೂನುಬದ್ಧವಾಗಿ ನಿಲ್ಲಿಸಿದ ಯಾವ ಚಾಲಕನನ್ನಾದರೂ ಅನುಮಾನವಿಲ್ಲದೆಯೇ ಉಸಿರು ಊದಲು ಹೇಳಬಹುದು, ಒಲ್ಲೆ ಎಂದರೆ ಅದೇ ಅಪರಾಧ. ಅಂಬಾಸಿಡರ್ ಸೇತುವೆ ದಾಟಿದ ಮೇಲೆ 1993ರ ನಮ್ಮ ತೀರ್ಪು ನಡೆಯುವುದಿಲ್ಲ.